ಬಿಳಿ ಅಂಚಿನ ಕಂಬಳಿ

ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಆದೆಮ್ಮನಿಗೆ ತನ್ನ ಬೆರಳುಗಳ ಮೇಲೇ ಅನುಮಾನ ಬಂತು. ಸೆರಗಿನ ತುದಿ ಯಾವಾಗ ಅವುಗಳ ನಡುವೆ ಸಿಕ್ಕಿತೋ ಗೊತ್ತಿಲ್ಲ. ಹೊಸೆದು ಹೊಸೆದು ಅದು ದೀಪದ ಬತ್ತಿಯ ಹಾಗಾಗಿತ್ತು. ಮಡಿಲಲ್ಲಿ ಕೋಳಿ ಅವುಚಿಕೊಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನೇ ನೋಡುತ್ತಿದ್ದಳು. ಆದೆಮ್ಮ ಸೆರಗನ್ನು ಬಿಡಿಸಿ, ತೊಡೆಯ ಮೇಲೆ ಹರವಿ, ಅಂಗೈಯಿಂದ ತೀಡಿದಳು. ಸುಕ್ಕು ಹೋಗಲಿಲ್ಲ. ಹತ್ತಿ ಜಿನ್ನಿನ ಗೋಡೆ ಹಿಂದೆ ಸರಿಯಿತು, ಅಕ್ಕಿ ಗಿರಣಿಯ ಚಿಮಣಿ ಸರಿಯಿತು, ಎರೆ ಹೊಲ ಶುರುವಾಯಿತು. ಅವಳು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೇಳಬೇಕಾದ ಮಾತನ್ನು ಮತ್ತೊಮ್ಮೆ ಜೋಡಿಸಿಕೊಂಡಳು. ಅತ್ತಿ, ಇನ್ನ ಮ್ಯಾಲೆ ನನಗ ಐತವಾರ ಬರಾಕ ಆಗಂಗಿಲ್ಲ. ಇಷ್ಟೇ. ಕಾಲೇಜಿನಲ್ಲಿ ಹುಡುಗಿಯರ ಮುಂದೆ ನಿಂತು ಗಂಟೆ ಹೊಡೆಯುವವರೆಗೂ ತಡೆಯಿಲ್ಲದೆ ಮಾತಾಡುವವಳಿಗೆ ಈ ಒಂದು ವಾಕ್ಯ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಬರುವಷ್ಟರಲ್ಲಿ ಮೊದಲು ಸಡಿಲವಾಗುತ್ತಿತ್ತು. ಬರಾಕ ಆಗಂಗಿಲ್ಲ ಅಂದರೆ ಯಾಕ ಅನ್ನುತ್ತಾಳೆ. ಯಾಕ ಅಂದರೆ ಏನು ಹೇಳುವುದು? ನಿನ್ನ ಮನೆಯಲ್ಲಿ ನನಗೆ ಸಮಾಧಾನ ಸಿಗುತ್ತದೆ, ಅದಕ್ಕೇ ಬರುವುದಿಲ್ಲ ಎಂದು ಹೇಳುವುದೇ?

ಕಾರಣ ಮೊದಲು ಹೊಳೆದದ್ದು ಅವಳಿಗಲ್ಲ, ಸರ್ವರಿ ಬೇಗಂಗೆ. ಅದೇ ಕಾಲೇಜಿನಲ್ಲಿ ಉರ್ದು ಕಲಿಸುವ ಸರ್ವರಿ, ಆದೆಮ್ಮ ಬಾಡಿಗೆಗಿದ್ದ ಮನೆಯ ಕೆಳಗಿನ ಪಾಲಿನಲ್ಲಿ ತಾಯಿಯ ಜೊತೆ ಇದ್ದಳು. ಪ್ರತಿ ಐತವಾರ ಬೆಳಿಗ್ಗೆ ಆದೆಮ್ಮ ಚೀಲ ಹಿಡಿದು ಮೆಟ್ಟಿಲು ಇಳಿಯುವಾಗ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಅರೇ, ಎಂ.ಎ. ಮಾಡಿದಾಕಿ ಹೋಗಿ ಉಣ್ಣಿ ನೂಲ್ತಿ ಅಂದ್ರ ಏನು ಹೇಳಬೇಕವಾ ನಿನಗ. ದಿಮಾಗ್ ಠಿಕಾಣಿ ಅದ ಇಲ್ಲೋ? ಗುಲಬರ್ಗಾದಾಗ ಹೊಸಾ ಯೂನಿವರ್ಸಿಟಿ ಆಗ್ಯದ, ಪಿಎಚ್.ಡಿ. ಮಾಡು, ಮುಂದ ಹೋಗು. ಕುರಿ ಮೈಮ್ಯಾಗಿನ ಕೂದಲ ಎಳಕೋತ ಕುಂದ್ರು ಅಂತ ಯಾರು ಹೇಳಿದ್ರು?" ಅಲ್ಲಿ ಕೂತರೆ ತಲೆ ಸುಮ್ಮನಾಗುತ್ತದೆ ಎಂದು ಆದೆಮ್ಮ ಹೇಳಿದಾಗ ಸರ್ವರಿ ನಗಲಿಲ್ಲ. ಆಕೆ ನಗದೇ ಇದ್ದದ್ದೇ ಆದೆಮ್ಮನಿಗೆ ನಾಟಿದ್ದು. "ಸುಮ್ಮನಾಗಲಿ ಅಂತಾನ ಕುಂದ್ರಸ್ತಾರ. ಯಾರ ತಲಿ ಸುಮ್ಮ ಆದ್ರ ಯಾರಿಗೆ ಫಾಯಿದಾ ಅಂತ ಕೇಳ್ಕೊಂಡಿ ಏನು ಒಂದ್ ಸಲ? ಹುಷಾರ್. ವಿಧವಾ ಸೊಸಿಗೆ ಅಷ್ಟು ಪ್ರೀತಿ ಮಾಡೋ ಅತ್ತಿನ್ನ ನಾ ಎಲ್ಲೂ ನೋಡಿಲ್ಲ."

ಮೊದಲ ಸಲ ಹೋದದ್ದು ಯಾಕೆಂದು ಈಗ ಸ್ಪಷ್ಟವಾಗಿ ನೆನಪಿಲ್ಲ. ಗಂಡ ಸತ್ತ ಮೇಲೆ ಅವನ ಊರು ಮಸರಕಲ್ಲಿಗೆ ಹೋಗದೆ ಇರಲಾಗುವುದಿಲ್ಲ ಎಂದು ಹೋಗಿದ್ದಳು. ಅತ್ತೆ ಬಂಡೆಮ್ಮ ಪಡಸಾಲೆಯಲ್ಲಿ ರಾಟಿ ಹಾಕಿಕೊಂಡು ಕೂತಿದ್ದಳು. ಸಮಾಧಾನದ ಮಾತು, ಅಳು, ಕೆನ್ನೆ ಸವರುವುದು ಇವುಗಳಿಗೆಲ್ಲ ಸಿದ್ಧವಾಗಿ ಬಂದವಳ ಕೈಗೆ ಹಿಂಜಿದ ಉಣ್ಣೆಯ ಹಂಜಿಯೊಂದನ್ನು ತುರುಕಿ, "ಹಿಡಿ ಇದನ್ನ, ಎಲಿ ಅಡಿಕಿ ಹಾಕ್ಕೊಂಡು ಬರ್ತೀನಿ," ಎಂದು ಎದ್ದುಹೋದಳು. ಆದೆಮ್ಮ ಎಳೆದಳು, ಕಡಿಯಿತು. ಮತ್ತೆ ಎಳೆದಳು, ಮತ್ತೆ ಕಡಿಯಿತು. ಗಟ್ಟಿಯಾಗಿ ಹಿಡಿದಷ್ಟೂ ಕಡಿಯುತ್ತಿತ್ತು. ಬೇಸತ್ತು ಬೆರಳು ಸಡಿಲ ಬಿಟ್ಟಾಗ, ತಿರುಗುತ್ತಿದ್ದ ಕದಿರು ಉಣ್ಣೆಯನ್ನು ತಾನೇ ಕರೆದುಕೊಂಡಿತು. ಹಂಜಿಯೊಳಗಿಂದ ಎಳೆ ಹೊರಟು ಬಂತು, ಯಾರೋ ನಿದ್ದೆಯಲ್ಲಿ ಮಾತಾಡುತ್ತಿದ್ದ ಹಾಗೆ. ಅವಳು ಏನೂ ಮಾಡುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಬಂಡೆಮ್ಮ ಎಲೆ ಅಡಿಕೆ ಹಾಕಿಕೊಂಡು ಬಂದು, ನೆರೆಯವಳ ಜೊತೆ ಜಗಳ ಮುಗಿಸಿ, ರೊಟ್ಟಿ ಬಡಿದೂ ಆಗಿತ್ತು. ಗಂಡ ಸತ್ತಾಗಿನಿಂದ ಜಾತ್ರೆಯ ಮರುದಿನದ ಬಯಲಿನ ಹಾಗಿದ್ದ ಅವಳ ತಲೆಯಲ್ಲಿ ಹಾಳೆ ಹಾರುವುದು ನಿಂತಿತ್ತು. ರಾಯಚೂರಿಗೆ ಮರಳುವಾಗ ಬಸ್ಸಿನಲ್ಲಿ ಆ ನಿಶ್ಶಬ್ದವನ್ನು ಎದುರಿಗೆ ಕೂರಿಸಿಕೊಂಡು, ಅಪರಿಚಿತ ಪ್ರಯಾಣಿಕನನ್ನು ನೋಡುವಂತೆ ನೋಡಿದಳು. ಯಾರು ನೀನು, ಯಾರು ಕಳಿಸಿದರು ನಿನ್ನನ್ನು? ಆದರೂ ಮುಂದಿನ ಐತವಾರ ಹೋದಳು. ಅದರ ಮುಂದಿನ ಐತವಾರವೂ.

ಗಂಡ ಸಿದ್ದರಾಮಪ್ಪ ಇದನ್ನು ಕಂಡಿದ್ದರೆ ನಗುತ್ತಿದ್ದ. ಅವನಿಗೆ ಸುಮ್ಮನೆ ಕೂರುವುದೆಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಮಾನವಿಯಲ್ಲಿ ಹೈಸ್ಕೂಲು ಮಾಸ್ತರನಾಗಿದ್ದುಕೊಂಡು ಸಾಹೇಬನಾಗುವ ಪರೀಕ್ಷೆಗೆ ಓದುತ್ತಿದ್ದ. ತಾಟಿನ ಪಕ್ಕ ಪುಸ್ತಕ, ಹಲ್ಲುಜ್ಜುವಾಗ ಕೈಯಲ್ಲಿ ಚೀಟಿ, ಸೈಕಲ್ಲಿನ ಮೇಲೂ ಬಾಯಿಪಾಠ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವನು ಕುರಿಯ ವಾಸನೆಯಿಂದ ಓಡುತ್ತಿದ್ದಾನೆಂದು ಆದೆಮ್ಮನಿಗೆ ಅನ್ನಿಸುತ್ತಿತ್ತು. ಅವಳೂ ಜೊತೆಗೆ ಓಡುತ್ತಿದ್ದಳು. ಅವನು ಕಣ್ಣು ಮುಚ್ಚಿ ಮಲಗಿದರೆ ಅವಳು ಓದಿ ಹೇಳುತ್ತಿದ್ದಳು, ಅವನು ನಿದ್ದೆ ಹೋದನೆಂದು ಗೊತ್ತಾದ ಮೇಲೂ ಓದುತ್ತಿದ್ದಳು. ಕಾರಹುಣ್ಣಿಮೆಗೆ ಮಸರಕಲ್ಲಿಗೆ ಬಂದಾಗ, ಅಂಗಳದ ಬಿಸಿಲಿನಲ್ಲಿ ಅವನು ಪುಸ್ತಕದಿಂದ ತಲೆ ಎತ್ತಿದ. ಅವನ ಕಣ್ಣಿನ ಬಿಳಿ, ಬಿಳಿಯಾಗಿರಲಿಲ್ಲ. ಅರಿಷಿಣದ ಬಟ್ಟೆ ತೊಳೆದ ನೀರಿನಂಥ ಬಣ್ಣ. ಬಿಸಿಲಿಗೆ ಹಾಗೆ ಕಾಣುತ್ತದೆ ಎಂದುಕೊಂಡಳು. ಹಾಗೆ ಅಂದುಕೊಳ್ಳುವಾಗಲೇ ಬಿಸಿಲಿಗೆ ಹಾಗೆ ಕಾಣುವುದಿಲ್ಲವೆಂದು ಗೊತ್ತಿತ್ತು. ಪರೀಕ್ಷೆ ಹತ್ತಿರವಿತ್ತು. ಅಂಗಳದ ಆಚೆ ಬಂಡೆಮ್ಮ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತ ನಿಂತಿದ್ದಳು. ಆಕೆಯೂ ನೋಡಿದಳೇ? ಮಗನ ಕಣ್ಣನ್ನಲ್ಲ, ಮಗನ ಕಣ್ಣು ನೋಡುತ್ತಿದ್ದ ತನ್ನನ್ನು? ಪರೀಕ್ಷೆಯ ಮೊದಲೇ ಕಾಮಾಲೆ ಅವನನ್ನು ಮುಗಿಸಿತು. ಬಂಡೆಮ್ಮ ಬೈಯಲಿಲ್ಲ, ಕಾಲ್ಗುಣ ಎನ್ನಲಿಲ್ಲ. ಬರೀ ಹಂಜಿ ಕೊಟ್ಟಳು. ಬೈದಿದ್ದರೆ ಆದೆಮ್ಮನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತಿತ್ತು.

ಹಿಂದಿನ ಐತವಾರ ಚೀಲದಲ್ಲಿ ಕರಿಯ ಉಣ್ಣೆಯ ಜೊತೆ ಬಿಳಿಯದಿತ್ತು. ಉಣ್ಣೆ ತರುತ್ತಿದ್ದವನು ಪರಮಣ್ಣ, ಬಂಡೆಮ್ಮನ ತಮ್ಮನ ಮಗ. ಹೆಂಡತಿ ಸತ್ತವನು, ದೇವದುರ್ಗದ ಕಡೆ ದೊಡ್ಡ ಹಿಂಡು ಇದ್ದವನು. ಆದೆಮ್ಮ ಇದ್ದಾಗಲೇ ಅವನು ಬರುತ್ತಿದ್ದುದು ಯಾಕೆಂದು ಅವಳು ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ. ಬಿಳಿ ಹಂಜಿಯನ್ನು ನೂಲುತ್ತಿದ್ದಾಗ ತವರೂರು ಗಿಲ್ಲೆಸುಗೂರಿನಲ್ಲಿ ಚಿಕ್ಕವ್ವನ ಉಡಿಕೆಯಾದದ್ದು ನೆನಪಾಯಿತು. ಗಂಡ ಸತ್ತವಳಿಗೆ ಮತ್ತೆ ಸೀರೆ ಉಡಿಸಿ, ಬೇರೆಯವನ ಪಕ್ಕ ಕೂರಿಸುವ ಶಾಸ್ತ್ರ. ಹೊತ್ತು ಮುಳುಗಿದ ಮೇಲೆ, ವಾದ್ಯವಿಲ್ಲದೆ, ಕಳ್ಳರ ಹಾಗೆ. ಹಾಸಿದ್ದ ಕಂಬಳಿ ಕರಿಯದು, ಅದರ ಅಂಚು ಬಿಳಿಯದು. ಆ ಬಿಳಿ ಅಂಚಿನ ಮೇಲೆ ಚಿಕ್ಕವ್ವನ ಪಾದ ಇತ್ತು. ಆದೆಮ್ಮನ ಕೈಯಲ್ಲಿ ಎಳೆ ಕಡಿಯಿತು. ಹಾಗಾದರೆ ಇಷ್ಟು ದಿನ ತಾನು ತನ್ನದೇ ಹಾಸಿಗೆಯನ್ನು ನೂಲುತ್ತಿದ್ದಳೇ, ಅದೂ ನೆಮ್ಮದಿಯಿಂದ? ತಲೆ ಸುಮ್ಮನಾಗುತ್ತದೆ ಎಂದು ಸರ್ವರಿಗೆ ಹೇಳಿದ್ದು ನೆನಪಾಗಿ, ಬಯಲಲ್ಲಿ ಸೆರಗು ಜಾರಿದ ಹಾಗೆ ನಾಚಿಕೆಯಾಯಿತು.

ಮಸರಕಲ್ಲಿನಲ್ಲಿ ಇಳಿದು ಓಣಿ ಹಿಡಿದಾಗ ಬಿಸಿಲು ಏರಿತ್ತು. ಬಂಡೆಮ್ಮ ಬಾಗಿಲಲ್ಲೇ ಇದ್ದಳು.

"ಬಂದೇನು ಬೇ? ನೋಡಿಲ್ಲಿ, ಮಾರಿ ಒಣಗಿದ ಬದನಿಕಾಯಿ ಆಗ್ಯದ. ಪಟ್ನದಾಗ ಏನು ತಿಂತಿ? ಹುಡುಗೂರು ಬರದ ಹಾಳಿ ತಿಂತಿಯೇನು?"

ಒಳಗೆ ಪಡಸಾಲೆಯಲ್ಲಿ ಪರಮಣ್ಣ ಉಣ್ಣಲು ಕೂತಿದ್ದ. ಕಂಬಕ್ಕೆ ಆನಿಸಿದ ಚೀಲ ಅವನಷ್ಟೇ ಎತ್ತರವಿತ್ತು. ಅವಳನ್ನು ಕಂಡು ಅವಸರದಿಂದ ರುಮಾಲು ಸರಿಮಾಡಿಕೊಳ್ಳಲು ಹೋಗಿ ಕೈಯಲ್ಲಿದ್ದ ಪುಂಡಿ ಪಲ್ಯವನ್ನು ಹಣೆಗೆ ಹಚ್ಚಿಕೊಂಡ. "ಆರಾಮ ಅದೀರೇನ್ರೀ ಬಾಯಾರ?" ಊರಲ್ಲೆಲ್ಲ ಓದಿಸುವ ಹೆಂಗಸರನ್ನು ಕರೆಯುವ ಹಾಗೆ ಅವನು ಅವಳನ್ನು ಬಾಯಾರ ಎನ್ನುತ್ತಿದ್ದ. ನೆಂಟಸ್ತಿಕೆಯಲ್ಲಿ ಏನೆಂದು ಕರೆಯಬೇಕೋ ಅದನ್ನು ಬಿಟ್ಟು ಹೀಗೇಕೆ ಕರೆಯುತ್ತಾನೆಂಬುದೂ ಈಗ ಅವಳಿಗೆ ಸಂಚಾಗಿ ಕಂಡಿತು.

"ಹಣಿ ಒರಸ್ಕೋ ಲೇ ಮೊದಲು. ಪಲ್ಯದ ವಿಭೂತಿ ಹಚ್ಚಿಕೊಂಡಾನ ನೋಡು ಸ್ವಾಮಿ," ಎಂದು ಬಂಡೆಮ್ಮ ಸೊಸೆಯ ಮುಂದೆ ರಾಟಿ ಸರಿಸಿದಳು. ಆದೆಮ್ಮ ಕೂತಳು. ರಾಟಿ ಮುಟ್ಟಲಿಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ವಾಕ್ಯವನ್ನು ಹುಡುಕಿದಳು, ಸಿಗಲಿಲ್ಲ.

"ಯಾಕ? ಕೈ ಸೋತಾವೇನು?"

"ಅತ್ತಿ, ಈ ಬಿಳಿ ಉಣ್ಣಿ ಯಾತಕ್ಕ?"

"ಅಂಚಿಗೆ."

"ಯಾವ ಅಂಚಿಗೆ?"

"ಕಂಬಳಿ ಅಂಚಿಗೆ ಬೇ. ಉಣ್ಣಿ ಮತ್ತ ನಿನ್ನ ಸೀರಿ ಅಂಚಿಗೆ ಹಾಕ್ತಾರೇನು?"

ಪರಮಣ್ಣ ನಕ್ಕ. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ನಗುವ ಸಾದಾ ನಗು. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಇವತ್ತು ಆ ನಗು ಇಬ್ಬರೂ ಸೇರಿ ಮೊದಲೇ ನಕ್ಕು ಮುಗಿಸಿದ ನಗುವಿನ ಉಳಿಕೆಯಂತೆ ಕೇಳಿಸಿತು.

"ಯಾರನ್ನ ಕುಂದ್ರಸ್ತೀರಿ ಆ ಕಂಬಳಿ ಮ್ಯಾಲೆ?" ತನ್ನ ದನಿ ತರಗತಿಯ ದನಿಯಾಗಿದ್ದು ಅವಳಿಗೆ ಕೇಳಿಸಿತು. "ನನ್ನನ್ನೇನು? ಇವರ ಬಾಜೂಕ?"

ಪರಮಣ್ಣನ ಕೈ ತಾಟಿಗೂ ಬಾಯಿಗೂ ನಡುವೆ ನಿಂತಿತು. ಹೊರಗೆ ಯಾರದೋ ಮನೆಯಲ್ಲಿ ಒನಕೆಯ ಪೆಟ್ಟು ಬೀಳುತ್ತಿತ್ತು.

"ಏನಂದಿ?" ಎಂದಳು ಬಂಡೆಮ್ಮ.

"ನಮ್ಮೂರಾಗ ಉಡಿಕಿಗೆ ಬಿಳಿ ಅಂಚಿನ ಕಂಬಳಿ ಹಾಸ್ತಾರ. ನನಗ ಗೊತ್ತಾಗಂಗಿಲ್ಲ ಅನ್ಕೊಂಡಿದ್ರೇನು? ಐತವಾರಕ್ಕೊಮ್ಮಿ ಕರದು, ಮುಂದ ಕುಂದ್ರಿಸ್ಕೊಂಡು, ನನ್ನ ಕೈಲೇ ನೂಲಿಸಿ..."

"ನಿಮ್ಮೂರಾಗ ಹಾಸ್ತಿರಬೇಕು," ಬಂಡೆಮ್ಮನ ದನಿ ಏರಲಿಲ್ಲ. "ಈ ಊರಾಗ ಹಂಗಲ್ಲ. ಸತ್ತೋರ ವರ್ಷ ತುಂಬಿದ ದಿನ, ನಮ್ಮ ಗುರು ಅದಾರಲ್ಲ ಒಡೇರು, ಅವರಿಗೆ ಹೊಚ್ಚಿ ಕೊಡ್ತಾರ. ಸತ್ತೋನ ಮನಿಯಾಗಿನ ಹೆಣ್ಮಕ್ಕಳ ಕೈಲೇ ನೂತಿರಬೇಕು. ಆಷಾಢಕ್ಕ ನಿನ್ನ ಗಂಡನ ವರ್ಷ ಬಂತು. ಅದೂ ನಾನೇ ಹೇಳಬೇಕೇನು?"

ಆದೆಮ್ಮನ ಕಿವಿ ಬಿಸಿಯಾಯಿತು. ಗಂಡನ ವರ್ಷ ಅವಳಿಗೆ ನೆನಪಿತ್ತು, ಆದರೆ ಅದು ಕ್ಯಾಲೆಂಡರಿನ ಒಂದು ಚೌಕದಲ್ಲಿತ್ತು. ತನ್ನ ಕೈಯೊಳಗೆ ಅದು ವಾರವಾರ ಉದ್ದವಾಗುತ್ತಿತ್ತೆಂದು ಗೊತ್ತಿರಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದವಳ ಕಣ್ಣು ಪರಮಣ್ಣನ ಮೇಲೆ ಬಿತ್ತು. ಅವನು ತಾಟಿನಿಂದ ತಲೆ ಎತ್ತಿರಲಿಲ್ಲ. ಸುಳ್ಳು ಅಪವಾದ ಹೊತ್ತವನು ಹೀಗೆ ಕೂರುವುದಿಲ್ಲ.

"ಹಂಗಾದ್ರ ಇವರು ಉಡಿಕಿಗೆ ಕೇಳೇ ಇಲ್ಲೇನು?"

"ಕೇಳ್ಯಾನ. ಯಾಕ ಸುಳ್ಳು ಹೇಳ್ಲಿ. ಯುಗಾದಿ ಮುಂದ ಕೇಳಿದ. ಆಕಿಗೆ ಹೇಳಿ ನೋಡ್ತೀನಿ ಅಂದೆ. ಹೇಳ್ಲಿಲ್ಲ."

"ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಬರೋದು ಬಿಡ್ತಿದ್ದಿ."

"ಅತ್ತಿ, ನಾ ಉಣ್ಣಿ ಅದಕ್ಕ ಕೊಟ್ಟದ್ದಲ್ಲ," ಪರಮಣ್ಣ ಮೊದಲ ಸಲ ಬಾಯಿಬಿಟ್ಟ. ಕರೆದದ್ದು ಅತ್ತೆಯನ್ನಾದರೂ ಮಾತು ಆದೆಮ್ಮನಿಗೆ, ಮುಖ ಗೋಡೆಯ ಕಡೆಗೆ. "ನಾನು ಸಿದ್ದರಾಮ ಕೂಡಿ ಕುರಿ ಕಾಯ್ದೋರು. ಅಂವ ಸಾಲಿಗೆ ಹೋದ, ನಾ ಹೋಗ್ಲಿಲ್ಲ. ಅಂವನ ಕಂಬಳಿಗೆ ಉಣ್ಣಿ ನಂದಿರಲಿ ಅಂತ... ಅದು ಬ್ಯಾರೆ. ಇದು ಬ್ಯಾರೆ."

"ಬ್ಯಾರೆ ಬ್ಯಾರೆ ಇದ್ದದ್ದು ಈಗ ಕೂಡೇ ಬಿಡ್ತಲ್ಲ," ಎಂದಳು ಬಂಡೆಮ್ಮ. "ಎತ್ತಲೇ ಚೀಲ."

"ಯಾಕತ್ತಿ?"

"ಎತ್ತು ಅಂದ್ರ ಎತ್ತು. ಇಂಥಾ ಮಾತು ಬಿದ್ದ ಉಣ್ಣಿ ನನ್ನ ಮಗನ ವರ್ಷಕ್ಕ ಬ್ಯಾಡ."

"ನೂತದ್ದು?"

"ಅದನ್ನೂ ಒಯ್ಯಿ."

ಬಂಡೆಮ್ಮ ಎದ್ದು, ಮೂಲೆಯ ಬುಟ್ಟಿಯಿಂದ ನೂಲಿನ ಉಂಡೆಗಳನ್ನು ತೆಗೆದು ತೆಗೆದು ಚೀಲಕ್ಕೆ ಹಾಕಿದಳು. ಒಂದೊಂದು ಉಂಡೆಯೂ ಆದೆಮ್ಮನಿಗೆ ಗುರುತಾಗುತ್ತಿತ್ತು. ಇದು ದಪ್ಪ ಸಣ್ಣ ಆದದ್ದು, ಮೊದಮೊದಲಿನದು. ಇದು ಆಲಿಕಲ್ಲು ಬಿದ್ದ ದಿನದ್ದು. ಇರಲಿ ಬಿಡ್ರಿ ಅತ್ತಿ, ನನ್ನದೇ ತಪ್ಪು ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಆ ಉಸಿರಿನಷ್ಟರಲ್ಲೇ ಇನ್ನೊಂದು ಅನುಮಾನ ಹುಟ್ಟಿತು. ಮುದುಕಿ ಅದನ್ನೇ ಕಾಯುತ್ತಿದ್ದಾಳೆ. ತಾನು ಒಯ್ಯುವುದು ಬೇಡ ಎಂದರೆ, ಉಣ್ಣೆಯ ಜೊತೆ ಉಣ್ಣೆ ತಂದವನೂ ಮನೆಯಲ್ಲಿ ಉಳಿಯುತ್ತಾನೆ. ಪರಮಣ್ಣ ಅರ್ಧ ಉಂಡ ತಾಟನ್ನು ಬಿಟ್ಟು ಕೈ ತೊಳೆದು ಚೀಲ ಹೆಗಲಿಗೇರಿಸಿದ. ತಗ್ಗು ಬಾಗಿಲಿಗೆ ಚೀಲ ಸಿಕ್ಕಿಕೊಂಡಿತು. ಬಗ್ಗಿ, ತಿರುಗಿ, ಮತ್ತೆ ಬಗ್ಗಿ ಅವನು ಒದ್ದಾಡುವಾಗ ಯಾರೂ ಏಳಲಿಲ್ಲ. ಕೊನೆಗೆ ಹೊರಗಾದವನು ತಿರುಗದೆಯೇ, "ತಪ್ಪು ತಿಳ್ಕೋಬ್ಯಾಡ್ರಿ ಬಾಯಾರ," ಎಂದು ಹೋದ.

ಪಡಸಾಲೆ ಇದ್ದಕ್ಕಿದ್ದಂತೆ ದೊಡ್ಡದಾಯಿತು. ಚೀಲ ನಿಂತಿದ್ದ ಕಡೆ ಕಂಬದ ಬುಡ ಕಾಣುತ್ತಿತ್ತು, ಅಲ್ಲಿ ಗೆದ್ದಲಿನ ಮಣ್ಣು. ಇಬ್ಬರು ಹೆಂಗಸರ ನಡುವೆ ಬರೀ ರಾಟಿ. ಇಷ್ಟು ದಿನ ಕದಿರಿನ ಸದ್ದಿನಡಿ ಮುಚ್ಚಿಹೋಗಿದ್ದದ್ದು ಒಂದೊಂದಾಗಿ ಕೇಳಿಸತೊಡಗಿತು. ಒನಕೆಯವಳು ಪೆಟ್ಟಿಗೊಮ್ಮೆ ಬಿಡುವ ಉಸಿರು. ಮಾಳಿಗೆಯ ಮೇಲೆ ಹುಲ್ಲು ಎಳೆಯುವ ಅಳಿಲು. ಬಂಡೆಮ್ಮನ ಎದೆಯೊಳಗೆ ಸಣ್ಣಗೆ ಸಿಳ್ಳು ಹಾಕುವ ಕಫ. ಏನನ್ನೂ ಹಿಡಿಯದೆ, ಏನನ್ನೂ ಮಾಡದೆ ಕೂತದ್ದು ಇದೇ ಮೊದಲು ಎಂದು ಆದೆಮ್ಮನಿಗೆ ಹೊಳೆಯಿತು. ನೂಲುವಾಗ ತಾನು ಸುಮ್ಮನಿದ್ದೇನೆಂದುಕೊಂಡಿದ್ದಳು. ಕೈ ಸುಮ್ಮನಿರಲಿಲ್ಲ, ಕಿವಿ ಕೇಳುತ್ತಿರಲಿಲ್ಲ. ನೂಲುವುದೂ ಒಂದು ಓಟವಾಗಿತ್ತೇ, ಕೂತಲ್ಲೇ ಓಡುವ ಓಟ?

"ಹಂಗ ಯಾಕ ನೋಡಾಕತ್ತಿ?" ಎಂದಳು ಬಂಡೆಮ್ಮ. "ವರ್ಷ ಆತು ಬರಾಕತ್ತಿ. ಬಂದಾಗೆಲ್ಲ ಕದಿರು ನೋಡ್ತಿ. ಒಮ್ಮೆರ ನನ್ನ ಮಾರಿ ನೋಡಿದಿಯೇನು? ನಾನೂ ಉಣ್ಣಿ ಚೀಲನ ಅನ್ಕೊಂಡಿ."

ನಿಜವಾಗಿತ್ತು. ಆ ಮುಖದಲ್ಲಿ ಸಿದ್ದರಾಮಪ್ಪನ ಹಣೆ ಇತ್ತು, ಹುಬ್ಬಿನ ನಡುವೆ ಅವನದೇ ಗೆರೆ ಇತ್ತು. ಆದೆಮ್ಮ ಕೇಳಿಬಿಟ್ಟಳು.

"ಅತ್ತಿ, ಹ್ವಾದ ವರ್ಷ ಕಾರಹುಣ್ಣಿಮಿಗೆ ಬಂದಾಗ ಅವರ ಕಣ್ಣು ಹಳದಿ ಆಗಿದ್ದವು. ನೀವು ನೋಡಿದ್ರೇನು?"

"ನೋಡಿದ್ದೆ."

ಒನಕೆ ನಿಂತಿತ್ತು.

"ಹೇಳಬೇಕಂದೆ. ಪುಸ್ತಕ ಹಿಡಕೊಂಡು ಕುಂತಿದ್ದ. ನನ್ನ ಮಗ ಸಾಹೇಬ ಆಗ್ತಾನ, ಜೀಪಿನ್ಯಾಗ ಬರ್ತಾನ ಅಂತ ಊರೆಲ್ಲಾ ಹೇಳ್ಕೊಂಡು ತಿರಗಿದಾಕಿ ನಾನು. ಪರೀಕ್ಷಿ ಆಗಲಿ ಅಂದೆ. ಓದಿದಾಕಿ ಬಾಜೂಕ ಅದಾಳ, ಆಕಿಗೆ ಗೊತ್ತಾಗಲಾರದೇನು ಅಂದೆ."

"ನನಗ ಗೊತ್ತಾಗಿತ್ತು."

"ಹೂಂ. ಅನ್ಕೊಂಡಿದ್ದೆ."

ಅನ್ಕೊಂಡಿದ್ದೆ. ಆ ಮಾತು ಆದೆಮ್ಮನೊಳಗೆ ಇಳಿಯುತ್ತಿರುವಾಗಲೇ ಅದರ ಹಿಂದಿನದೆಲ್ಲ ಬಣ್ಣ ಬದಲಿಸಿತು. ಈಕೆಗೆ ಮೊದಲ ದಿನದಿಂದ ಗೊತ್ತಿತ್ತು. ಗೊತ್ತಿದ್ದೇ ಹಂಜಿ ಕೊಟ್ಟಳು, ರೊಟ್ಟಿ ಬಡಿದಳು, ಬದನೆಕಾಯಿ ಎಂದು ನಕ್ಕಳು.

"ನನ್ನ ಕಾಯಾಕ ಕರಿತಿದ್ರೇನು ನೀವು? ಕಣ್ಣಮುಂದ ಇಟ್ಕೊಂಡು ನೋಡಾಕ?"

"ಮೊದಮೊದಲು ಹೌದು. ಇಕಿ ಎಂದ್ ಅಳ್ತಾಳ, ಎಂದ್ ಬಾಯಿ ಬಿಡ್ತಾಳ ನೋಡೋಣು ಅಂತ."

"ಆಮ್ಯಾಲೆ?"

"ಆಮ್ಯಾಲೆ ನೀ ಬರಲಾರದ ಐತವಾರ ನನಗ ಉಣ್ಣಾಕ ಸೇರತಿರಲಿಲ್ಲ."

"ಈಗ?"

"ಈಗೇನು. ಉಣ್ಣಿ ಹೋತು, ಕಂಬಳಿ ಹೋತು. ವರ್ಷಕ್ಕ ಒಡೇರಿಗೆ ಏನು ಹೊಚ್ಚಬೇಕೋ ಗೊತ್ತಿಲ್ಲ. ಯಾತಕ್ಕ ಕುಂತೀವೋ ಅದೂ ಗೊತ್ತಿಲ್ಲ. ಹೋಗು, ನಿನ್ನ ಬಸ್ಸಿನ ಹೊತ್ತಾತು."

ಊರ ಹೊರಗೆ ರಾಯಚೂರಿನ ಬಸ್ಸು ಹಾರ್ನು ಹೊಡೆಯಿತು. ಆದೆಮ್ಮ ಅತ್ತೆಯ ಮಾತನ್ನು ಒಳಗೂ ಹೊರಗೂ ತಿರುವಿ ನೋಡಿದಳು. ಎಲ್ಲೋ ಒಂದು ಗಂಟು ಇರಲೇಬೇಕು, ಹೋಗು ಅಂದರೆ ಉಳಿಯುತ್ತಾಳೆಂಬ ಲೆಕ್ಕಾಚಾರ ಇರಲೇಬೇಕು. ಸಿಗಲಿಲ್ಲ. ಸಿಗಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದೇನೂ ಅಲ್ಲ. ಬಸ್ಸು ಇನ್ನೊಮ್ಮೆ ಕೂಗಿ, ಗೇರು ಬದಲಿಸಿ, ಹೊರಟುಹೋಗುವುದು ಕೊನೆಯವರೆಗೂ ಕೇಳಿಸಿತು. ಅವಳು ರಾಟಿಯನ್ನು ಪಕ್ಕಕ್ಕೆ ಸರಿಸಿ, ಬಹಳ ಹೊತ್ತು ಮಡಚಿ ಕೂತು ಜೋಮು ಹಿಡಿದಿದ್ದ ಕಾಲುಗಳನ್ನು ನೀಡಿದಳು. ಅತ್ತೆಯ ಮುಂದೆ ಹಾಗೆ ಕಾಲು ನೀಡಿ ಕೂರುವುದು ಆ ಮನೆಯಲ್ಲಿ ಯಾವ ಸೊಸೆಯೂ ಮಾಡದ ಕೆಲಸ. ಬಂಡೆಮ್ಮ ಆ ಪಾದಗಳನ್ನು ನೋಡಿದಳು, ಅವುಗಳ ಒಡೆದ ಹಿಮ್ಮಡಿಯನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ, ಗೋಡೆಗೆ ಒರಗಿ, ತಾನೂ ಕಾಲು ನೀಡಿದಳು.